ಮೂರನೇ ಮೆಷಿನ್‌ನ ದಾಸ್ತಾನು ಪುಸ್ತಕ

ದಿನಾಂಕ 18 ನವೆಂಬರ್ 2024, ಸೋಮವಾರ. ಬೆಳಿಗ್ಗೆ 9.50ಕ್ಕೆ ಬೆಳ್ತಂಗಡಿ ತಾಲೂಕಿನ ಒಂದು ಪೊಲೀಸ್ ಠಾಣೆಗೆ ಬಂದ ಹೆಂಗಸು ಒಳಗೆ ಕಾಲಿಡುವ ಮೊದಲು ಎರಡು ಸಲ ತಿರುಗಿ ರಸ್ತೆ ನೋಡಿದಳು. ವಯಸ್ಸು ಮೂವತ್ತೈದರ ಆಸುಪಾಸು. ಎದೆಗೆ ಒತ್ತಿಕೊಂಡಿದ್ದ ಬಟ್ಟೆಚೀಲವನ್ನು ಮೇಜಿನ ಮೇಲೆ ಇಡಿ ಎಂದರೂ ಇಡಲಿಲ್ಲ.

ಹೆಸರು ಪ್ರಫುಲ್ಲಾ. ಉಜಿರೆಯ ಆಚೆ ಗುಡ್ಡದ ಮೇಲಿರುವ ಗಾಲ್ಫ್ ಮೈದಾನದಲ್ಲಿ ಆರು ವರ್ಷಗಳಿಂದ ಸ್ಟೋರ್ ಕೀಪರ್. ಹುಲ್ಲು ಕತ್ತರಿಸುವ ಮೆಷಿನ್, ನೀರಿನ ಪಂಪು, ಔಷಧಿ ಸಿಂಪಡಿಸುವ ಕ್ಯಾನು, ಇವುಗಳಲ್ಲಿ ಯಾವುದು ಯಾವ ದಿನ ಯಾರ ಕೈಗೆ ಹೋಯಿತು, ಯಾವುದು ರಿಪೇರಿಯಲ್ಲಿದೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ.

ಸಬ್ ಇನ್‌ಸ್ಪೆಕ್ಟರ್ ವಿಜೇತಾ ಕುರ್ಚಿ ಹತ್ತಿರ ಎಳೆದುಕೊಂಡರು. "ಏನಾಯಿತು ಹೇಳಿ."

"ಇದು ನನ್ನ ಪುಸ್ತಕ ಅಲ್ಲ ಮೇಡಂ. ಆದರೆ ಅಕ್ಷರ ನನ್ನದೇ."

ಪ್ರಫುಲ್ಲಾ ಚೀಲದಿಂದ ದಪ್ಪ ರಿಜಿಸ್ಟರ್ ತೆಗೆದಳು. ಹದಿನಾಲ್ಕು ದಿನಗಳ ಹಿಂದೆ, ನವೆಂಬರ್ 4ರ ಬೆಳಿಗ್ಗೆ 7.15ಕ್ಕೆ, ಮೈದಾನದ ಇಳಿಜಾರಿನಲ್ಲಿ ಕೂತು ಓಡಿಸುವ ಹುಲ್ಲಿನ ಮೆಷಿನ್ ಮಗುಚಿ ನೆರಿಯದ ಹುಕ್ರಪ್ಪ ಎಂಬ ಕೆಲಸಗಾರ ಸತ್ತಿದ್ದರು. ಅಸಹಜ ಸಾವು ಎಂದು ಪ್ರಕರಣ ದಾಖಲಾಗಿತ್ತು. ಸ್ಥಳಕ್ಕೆ ಹೋಗಿ ಮಹಜರು ಬರೆಸಿದವರು ವಿಜೇತಾ ಅವರೇ.

"ಆ ಮೆಷಿನ್‌ಗೆ ಮೇಲೊಂದು ಕಬ್ಬಿಣದ ಕಮಾನು ಇರಬೇಕು. ಮಗುಚಿದರೆ ಓಡಿಸುವವರು ಅಡಿಗೆ ಬೀಳದ ಹಾಗೆ. ಮಾರ್ಚ್‌ನಲ್ಲಿ ಅದನ್ನು ಬಿಚ್ಚಿ ರಿಪೇರಿಗೆ ಅಂತ ಕೊಂಡುಹೋದರು. ಹಿಂದೆ ಬರಲೇ ಇಲ್ಲ. ಪ್ರತಿ ತಿಂಗಳ ಕೊನೆಗೆ ನಾನು 'ಮೂರನೇ ಮೆಷಿನ್, ಕಮಾನು ಬಂದಿಲ್ಲ' ಅಂತ ಬರೆದಿದ್ದೆ. ಎಂಟು ಸಲ. ಇದರಲ್ಲಿ ಒಂದೂ ಇಲ್ಲ."

"ಬೇರೆ ಏನುಂಟು?"

ಅವಳ ಬೆರಳು ಒಂದು ಸಾಲಿಗೆ ಹೋಯಿತು. 2-11-2024: ಮೂರನೇ ಮೆಷಿನ್, ಕಮಾನು ಸಡಿಲ, ಬಳಸಬಾರದು. ಅದರ ಕೆಳಗೆ, 4-11-2024: ಮೂರನೇ ಮೆಷಿನ್ ಹುಕ್ರಪ್ಪರಿಗೆ ಕೊಟ್ಟಿದೆ. ಎರಡರ ಪಕ್ಕದಲ್ಲೂ 'ಪ್ರ' ಎಂಬ ಸಹಿ.

"ಇದರ ಪ್ರಕಾರ ಗೊತ್ತಿದ್ದೂ ನಾನೇ ಕೊಟ್ಟದ್ದು. ನಾನು ಬರುವುದೇ ಎಂಟೂವರೆಯ ಬಸ್ಸಿಗೆ. ಬೆಳಿಗ್ಗೆ ಕೀ ಕೊಡುವುದು ಸೂಪರ್‌ವೈಸರ್ ರಮಾನಾಥಣ್ಣ. ಬುಧವಾರ ಕಾರ್ಮಿಕ ಇಲಾಖೆಯವರು ಪುಸ್ತಕ ನೋಡಲಿಕ್ಕೆ ಬರ್ತಾರೆ."

"ಹಾಗಾದರೆ ಇದು ನೀವು ಬರೆದದ್ದಲ್ಲ ಅಂತ ಹೇಗೆ ಹೇಳ್ತೀರಿ?"

"ಅದೇ ಮೇಡಂ ಹೆದರಿಕೆ. ನೋಡಿದರೆ ನನಗೇ ಗೊತ್ತಾಗುದಿಲ್ಲ. ಜೂನ್ ಪುಟದಲ್ಲಿ ನಾನು ಚಾ ಚೆಲ್ಲಿದ್ದೆ. ಆ ಕಲೆ ಇಲ್ಲ. ಆಮೇಲೆ ಓದುತ್ತಾ ಹೋದೆ. ಗುರುವಾರ ರಮಾನಾಥಣ್ಣನ ಹತ್ತಿರ ಕೇಳಿದೆ. ನಿಮಗೆ ತಲೆ ಸರಿ ಇಲ್ಲ, ಎರಡು ದಿನ ಮಲಗಿ ಅಂದರು. ಶನಿವಾರ ಸಂಜೆ ಅತ್ತೆ ಗೇಟು ಹಾಕಲಿಕ್ಕೆ ಹೋದಾಗ ಇದು ನೇತಾಡ್ತಿತ್ತು." ಅವಳು ಒಂದು ಹಿತ್ತಾಳೆ ಬಿಲ್ಲೆಯನ್ನು ಮುಂದಿಟ್ಟಳು. ಅದರ ಮೇಲೆ 3 ಎಂದು ಕೊರೆದಿತ್ತು. ಸತ್ತವನ ಮೆಷಿನ್‌ನ ನಂಬರು.

ಪ್ರಫುಲ್ಲಾಳ ಗಂಡ ದುಬೈಯಲ್ಲಿ. ಮನೆಯಲ್ಲಿ ಅವಳು ಮತ್ತು ಅತ್ತೆ ಮಾತ್ರ.

ಅವಳು ನೀರು ಕುಡಿಯಲು ಹೊರಗೆ ಹೋದಾಗ ಹೆಡ್ ಕಾನ್‌ಸ್ಟೆಬಲ್ ನೋಣಯ್ಯ ಮೆಲ್ಲಗೆ ಅಂದರು, "ಮೇಡಂ, ಇವರೇ ಬರೆದು ಈಗ ಹೆದರಿ ಬಂದದ್ದೂ ಆಗಿರಬಹುದಲ್ಲ?"

"ಆಗಿರಬಹುದು. ಪುಸ್ತಕ ನೋಡುವ."

ನೋಣಯ್ಯ ರಿಜಿಸ್ಟರನ್ನು ಹಿಂದಿನಿಂದ ತಿರುವಿದರು. ಕೊನೆಯ ರಟ್ಟಿನ ಒಳಮೈಯಲ್ಲಿ, ಅಂಟಿನ ಗೆರೆಯ ಪಕ್ಕ, ಇರುವೆಯಷ್ಟು ಸಣ್ಣದಾಗಿ ಮುದ್ರಣಾಲಯದ ಅಚ್ಚು: 10/2024. ಮೊದಲ ಪುಟದ ದಿನಾಂಕ 1 ಜನವರಿ 2024.

ಅಕ್ಟೋಬರಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಜನವರಿಯಿಂದ ಹನ್ನೊಂದು ತಿಂಗಳ ಲೆಕ್ಕ. ಪ್ರತಿ ಸಾಲಿನ ಕೊನೆಗೆ ಮೆಷಿನ್ ಪಡೆದವರ ಸಹಿ. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹುಕ್ರಪ್ಪನವು. ಯಾರೋ ಒಂಟಿಯಾಗಿ ಕೂತು, ಸತ್ತವನ ಸಹಿಯನ್ನು ಇನ್ನೂರು ಸಲ ಹಾಕಿದ್ದರು. ವಿಜೇತಾ ಪುಟದ ಮೇಲಿಟ್ಟಿದ್ದ ಕೈಯನ್ನು ತಮಗರಿವಿಲ್ಲದೆ ಹಿಂದೆ ತೆಗೆದುಕೊಂಡರು.

ಬೆಳಿಗ್ಗೆ 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ. ನಕಲಿ ದಾಖಲೆ ಸೃಷ್ಟಿ, ಬೆದರಿಕೆ.

12.20ಕ್ಕೆ ಗಾಲ್ಫ್ ಮೈದಾನದ ಶೆಡ್ಡು. ಸೂಪರ್‌ವೈಸರ್ ರಮಾನಾಥ ಐವತ್ತೆರಡರ ಮೆಲುಮಾತಿನ ಮನುಷ್ಯ. ಕೇಳುವ ಮೊದಲೇ ಬೀಗ ತೆಗೆದ.

"ಶೆಡ್ಡಿನ ಕೀ ಯಾರ ಹತ್ತಿರ?"

"ನನ್ನ ಹತ್ತಿರ ಒಂದು, ಪ್ರಫುಲ್ಲಾರ ಹತ್ತಿರ ಒಂದು."

"ಈ ಮೆಷಿನ್‌ನ ಬಿಲ್ಲೆ ಎಲ್ಲಿ?"

"ಅಂದು ಮಗುಚಿದಾಗ ಬಿದ್ದಿರಬೇಕು."

"ಕಮಾನು?"

"ಸ್ಟೋರಿನ ವಿಷಯ ಪ್ರಫುಲ್ಲಾ ನೋಡುವುದು ಮೇಡಂ. ಸಡಿಲ ಆಗಿತ್ತಂತೆ, ಬರೆದಿದ್ದಾರಲ್ಲ. ಮಗುಚಿದಾಗ ಕಿತ್ತುಹೋಗಿರಬೇಕು."

ನಾಲ್ಕನೇ ತಾರೀಕು ಇದೇ ಮೆಷಿನ್ ಮುಂದೆ ನಿಂತಿದ್ದಾಗ ಅದರಲ್ಲಿ ಏನು ಇಲ್ಲ ಎಂಬುದು ವಿಜೇತಾ ಅವರಿಗೆ ಗೊತ್ತಿರಲಿಲ್ಲ. ಈಗ ಟಾರ್ಚು ಹಿಡಿದು ಮಂಡಿಯೂರಿದರು. ಕಮಾನು ಕೂರುವ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತುಗಳು. ಮೂರರ ಒಳಗೆ ದಪ್ಪ ತುಕ್ಕು. ನಾಲ್ಕನೆಯದನ್ನು ಕಣಜವೊಂದು ಮಣ್ಣು ಮೆತ್ತಿ ಗೂಡು ಮಾಡಿ ಮುಚ್ಚಿತ್ತು. ಗೂಡು ಒಣಗಿ, ಬಿರಿದು, ಖಾಲಿಯಾಗಿತ್ತು. ಎರಡು ವಾರದ ಹಿಂದೆ ಇಲ್ಲಿ ಬೋಲ್ಟು ಇದ್ದಿರಲು ಸಾಧ್ಯವಿರಲಿಲ್ಲ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದು ಫೋಟೋ ತೆಗೆಸಿದರು. ರಮಾನಾಥ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಸಹಿ ಹಾಕು ಎಂದಾಗ ಓದದೆಯೇ ಹಾಕಿದ.

ಸಂಜೆ 6.35ಕ್ಕೆ ವಿಜೇತಾ ಅವರ ಫೋನು ಬಡಿಯಿತು.

"ಮೇಡಂ..." ಪ್ರಫುಲ್ಲಾಳ ಸ್ವರ ಪಿಸುಮಾತಿಗಿಂತ ಕೆಳಗಿತ್ತು. "ಎದುರಿನ ಹಲಸಿನ ಮರದ ಅಡಿಯಲ್ಲಿ ಯಾರೋ ನಿಂತಿದ್ದಾರೆ. ಹೆಲ್ಮೆಟ್ ತೆಗೆಯುದಿಲ್ಲ. ಅರ್ಧ ಗಂಟೆ ಆಯಿತು. ಲೈಟು ಹಾಕಲಿಕ್ಕೂ ಹೆದರಿಕೆ ಆಗ್ತದೆ."

"ಬಾಗಿಲು ತೆಗೆಯಬೇಡಿ. ಬಂದೆವು."

6.58ಕ್ಕೆ ಜೀಪು ತಲುಪಿದಾಗ ಮರದಡಿ ಯಾರೂ ಇರಲಿಲ್ಲ. ಮಣ್ಣಿನಲ್ಲಿ ಸ್ಕೂಟರ್ ಸ್ಟ್ಯಾಂಡಿನ ಗುರುತು ಇತ್ತು. ನೋಣಯ್ಯ ಮನೆಯ ಹಿಂಬದಿಗೆ ಹೋದರು. ಅಡುಗೆಮನೆಯ ಕಿಟಕಿಯ ಸರಳಿಗೆ ಮಡಚಿದ ಕಾಗದವೊಂದನ್ನು ಯಾರೋ ಸಿಕ್ಕಿಸಿದ್ದರು. ಕಿಟಕಿಯ ಒಳಗೆ ಒಂದು ಮೊಳ ದೂರದಲ್ಲಿ ಅಷ್ಟು ಹೊತ್ತೂ ಅತ್ತೆ ಮೊಂಬತ್ತಿಯ ಬೆಳಕಿನಲ್ಲಿ ತರಕಾರಿ ಹೆಚ್ಚುತ್ತಿದ್ದರು.

ವಿಜೇತಾ ಕಾಗದ ಬಿಡಿಸಿದರು. ಪ್ರಫುಲ್ಲಾಳ ಅಕ್ಷರ. 'ತಪ್ಪು ನನ್ನದು. ಇನ್ನು ಯಾರಿಗೂ ಮುಖ ತೋರಿಸಲಾರೆ. ಪ್ರ.'

ಇಂಥ ಚೀಟಿಗಳು ಎಲ್ಲಿ ಸಿಗುತ್ತವೆ ಎಂಬುದು ಹನ್ನೊಂದು ವರ್ಷದ ಸೇವೆಯಲ್ಲಿ ವಿಜೇತಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾವಿಕಟ್ಟೆಯ ಮೇಲೆ. ಮುಚ್ಚಿದ ಕೋಣೆಯ ಮೇಜಿನ ಮೇಲೆ. ಕಾಗದವನ್ನು ಪ್ರಫುಲ್ಲಾಳಿಗೆ ತೋರಿಸಲಿಲ್ಲ. ಒಬ್ಬ ಮಹಿಳಾ ಕಾನ್‌ಸ್ಟೆಬಲ್‌ರನ್ನು ಅದೇ ಮನೆಯಲ್ಲಿ ಉಳಿಸಿದರು.

ಮಂಗಳವಾರ ಬೆಳಿಗ್ಗೆ ಉಜಿರೆ, ಬೆಳ್ತಂಗಡಿಯ ಪುಸ್ತಕದಂಗಡಿಗಳನ್ನೆಲ್ಲ ಕೇಳಿ ಮುಗಿಸಿದ ನೋಣಯ್ಯ 11.40ಕ್ಕೆ ಮೂಡುಬಿದಿರೆಯಿಂದ ಫೋನು ಮಾಡಿದರು. ಅಲ್ಲಿನ ಅಂಗಡಿಯವರಿಗೆ ಗಿರಾಕಿಯ ನೆನಪು ಚೆನ್ನಾಗಿತ್ತು. ನವೆಂಬರ್ 6ರಂದು ಒಬ್ಬರು ಹಳೆಯ ರಿಜಿಸ್ಟರ್ ತಂದು, ಇದೇ ಗೆರೆ, ಇದೇ ರಟ್ಟು ಬೇಕೆಂದು ಹಟ ಹಿಡಿದು ಎರಡು ಕೊಂಡಿದ್ದರಂತೆ. ಅಂಗಡಿಯ ಕ್ಯಾಮೆರಾದಲ್ಲಿ ರಮಾನಾಥನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಅದೇ ಹೊತ್ತಿಗೆ ವಿಜೇತಾ ಬಂಟ್ವಾಳದ ಬಿ.ಸಿ.ರೋಡಿನಲ್ಲಿದ್ದರು. ಮೈದಾನದ ಮೆಷಿನ್‌ಗಳೆಲ್ಲ ರಿಪೇರಿಗೆ ಬರುತ್ತಿದ್ದ ವರ್ಕ್‌ಶಾಪ್ ಅಲ್ಲಿತ್ತು. ಅದನ್ನು ನಡೆಸುವ ಸಾಲಿಹಾ ಪ್ರಶ್ನೆ ಮುಗಿಯುವ ಮೊದಲೇ ಎದ್ದು ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಕಬ್ಬಿಣದ ಕಮಾನು ತೋರಿಸಿದಳು.

"ಮಾರ್ಚ್ ಹನ್ನೊಂದಕ್ಕೆ ತಂದದ್ದು. ಹೊಸ ಶೆಡ್ಡಿನ ಬಾಗಿಲಿಗೆ ತಾಗ್ತದೆ, ಗಿಡ್ಡ ಮಾಡಿ ಕೊಡಿ ಅಂದರು. ನಾನು ಕತ್ತರಿಸುದಿಲ್ಲ, ಜನ ಸಾಯ್ತಾರೆ ಅಂತ ಹೇಳಿದೆ. ಕೊಂಡುಹೋಗ್ತೇನೆ ಅಂದವರು ಬರಲೇ ಇಲ್ಲ."

"ಯಾರು?"

"ರಮಾನಾಥಣ್ಣ." ಅವಳು ರಶೀದಿ ಪುಸ್ತಕದ ಪ್ರತಿ ತೆಗೆದುಕೊಟ್ಟಳು. ಅದರಲ್ಲಿ ಅವನ ಸಹಿ ಇತ್ತು.

ರಮಾನಾಥ ಅಂದು ಕೆಲಸಕ್ಕೆ ಬಂದಿರಲಿಲ್ಲ. ಮನೆಯಲ್ಲೂ ಇಲ್ಲ. ಫೋನು ಆಫ್. ವಿಜೇತಾ ಮೊದಲು ಪ್ರಫುಲ್ಲಾಳ ಮನೆಗೆ ಫೋನು ಮಾಡಿದರು. ಮೂರು ಸಲ ಯಾರೂ ಎತ್ತಲಿಲ್ಲ. ನಾಲ್ಕನೇ ಸಲ ಕಾನ್‌ಸ್ಟೆಬಲ್ ಎತ್ತಿ, "ಎಲ್ಲ ಸರಿ ಉಂಟು ಮೇಡಂ, ಕುಕ್ಕರಿನ ಸದ್ದಿಗೆ ಕೇಳಲಿಲ್ಲ" ಅಂದಾಗ ವಿಜೇತಾ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಿ ಎಂದು ಹೇಳಿ ಜೀಪು ಹತ್ತಿದರು.

ದಿನಾ ಹುಕ್ರಪ್ಪನ ಮನೆಗೆ ಹೋಗ್ತಾರೆ ಎಂದು ರಮಾನಾಥನ ಮನೆಯವರು ಹೇಳಿದ ಮೇಲೆ ಜೀಪು ನೆರಿಯದ ಕಡೆ ತಿರುಗಿತು. ಸಮಯ ಸಂಜೆ 4.25. ಹುಕ್ರಪ್ಪನ ಮನೆಯ ಅಂಗಳದಲ್ಲಿ ರಮಾನಾಥ ಕಟ್ಟಿಗೆ ಒಡೆಯುತ್ತಿದ್ದ. ಅಂಗಿ ಬೆವರಿನಿಂದ ಪೂರ್ತಿ ಚಂಡಿಯಾಗಿತ್ತು. ಜೀಪು ನೋಡಿ ಕೊಡಲಿ ಕೆಳಗಿಟ್ಟ.

ಹುಕ್ರಪ್ಪನ ಹೆಂಡತಿ ಪೂವಮ್ಮ ಜಗಲಿಯಿಂದ ಎದ್ದು ಬಂದರು. "ಅವರನ್ನು ಯಾಕೆ ಕೇಳುವುದು? ಹದಿನೈದು ದಿನದಿಂದ ದಿನಾ ಬಂದು ನಮ್ಮ ಕೆಲಸ ಮಾಡಿಕೊಡ್ತಾರೆ. ತಪ್ಪು ಮಾಡಿದ್ದು ಆ ಸ್ಟೋರಿನ ಹೆಂಗಸು ಅಲ್ವಾ?"

ಸ್ಕೂಟರಿನ ಸೀಟಿನಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೆಯ ರಿಜಿಸ್ಟರ್ ಸಿಕ್ಕಿತು. ಜೂನ್ ಪುಟದಲ್ಲಿ ಚಹಾದ ಕಲೆ. ಮಾರ್ಚ್‌ನಿಂದ ಅಕ್ಟೋಬರಿನವರೆಗೆ ಎಂಟು ಸಲ 'ಕಮಾನು ಬಂದಿಲ್ಲ'. ಎಂಟೂ ಕಡೆ ಪಕ್ಕದಲ್ಲಿ 'ನೋಡಿದೆ' ಎಂದು ರಮಾನಾಥನ ಸಹಿ. ಒಂದು ಪುಟ ಹರಿದರೆ ಸಾಲುತ್ತಿರಲಿಲ್ಲ.

"ಇದನ್ನು ಯಾಕೆ ಸುಡಲಿಲ್ಲ?"

"ಎರಡು ಸಲ ಒಲೆಯ ಹತ್ತಿರ ಕೊಂಡುಹೋದೆ. ಹುಕ್ರಪ್ಪನ ನಿಜವಾದ ಸಹಿ ಇರುವುದು ಇದರಲ್ಲಿ ಮಾತ್ರ. ಕೈ ಬರಲಿಲ್ಲ."

"ಕಮಾನು ಯಾಕೆ ತರಲಿಲ್ಲ?"

"ಮೊದಲ ತಿಂಗಳು ಮರೆತೆ. ಆಮೇಲೆ ನಾಳೆ, ನಾಡಿದ್ದು ಅಂದೆ. ಮಳೆಗಾಲ ಕಳೆಯಿತು, ಏನೂ ಆಗಲಿಲ್ಲ. ಏನೂ ಆಗುದಿಲ್ಲ ಅಂತಲೇ ಅಂದುಕೊಂಡೆ."

ಪೂವಮ್ಮ ಅಂಗಳದ ನಡುವೆ ನಿಂತಿದ್ದರು. ತುಂಬ ನಿಧಾನವಾಗಿ ಕೇಳಿದರು. "ಅಂದು ನಮ್ಮವರು ಹೋಗುದಿಲ್ಲ ಅಂತ ಹೇಳಿದ್ದರಾ?"

ರಮಾನಾಥ ಅವರ ಮುಖ ನೋಡಲಿಲ್ಲ. "ಹುಲ್ಲು ಚಂಡಿ ಉಂಟು, ಬಿಸಿಲು ಬರಲಿ ಅಂದ. ಹೋಗು ಮಾರಾಯ, ಏನಾಗುದಿಲ್ಲ ಅಂತ ನಾನೇ ಕಳಿಸಿದೆ."

ಪೂವಮ್ಮ ಒಡೆದ ಕಟ್ಟಿಗೆಯನ್ನು ಒಂದೊಂದಾಗಿ ಎತ್ತಿ ಅಂಗಳದ ಆಚೆಗೆ ಎಸೆಯತೊಡಗಿದರು.

ಸಂಜೆ 4.50ಕ್ಕೆ ರಮಾನಾಥನನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ ಎಂಬ ಕಲಂಗಳನ್ನು ಸೇರಿಸಿಕೊಳ್ಳಲಾಯಿತು. ಹೇಳಿಕೆಯಲ್ಲಿ ಅವನು ಜೈಲಿನ ಮಾತೆತ್ತಲಿಲ್ಲ. 'ಹೋಗು ಮಾರಾಯ' ಎಂದ ಆ ಒಂದು ಮಾತು ಪೂವಮ್ಮನ ಕಿವಿಗೆ ಬೀಳುತ್ತದೆ ಎಂಬ ಭಯದಲ್ಲಿ ಉಳಿದದ್ದನ್ನೆಲ್ಲ ಮಾಡಿದೆ ಎಂದ. ಪ್ರಫುಲ್ಲಾ ಹೆದರಿ ಊರು ಬಿಟ್ಟು ಹೋದರೆ ಎಲ್ಲರೂ ಅವಳದೇ ತಪ್ಪು ಅಂದುಕೊಳ್ಳುತ್ತಾರೆ ಎಂದು ಬಿಲ್ಲೆ ಕಟ್ಟಿದ, ಮರದಡಿ ನಿಂತ, ಚೀಟಿ ಬರೆದ.

"ಅವರು ಹೋಗದಿದ್ದರೆ?" ವಿಜೇತಾ ಕೇಳಿದರು.

ಅವನು ಮೇಜಿನ ಮೇಲಿದ್ದ ಆ ಚೀಟಿಯಿಂದ ಕಣ್ಣು ತಿರುಗಿಸಿದ.

ಬುಧವಾರ ಪ್ರಫುಲ್ಲಾ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದಳು. ಎಲ್ಲ ಕೇಳಿಸಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನನ್ನ ಅಕ್ಷರ ಕಲಿಯಲಿಕ್ಕೆ ಅವರಿಗೆ ಎಷ್ಟು ದಿನ ಬೇಕಾಯಿತು ಮೇಡಂ?"

"ಕಲಿಯಬೇಕಾಗಲಿಲ್ಲ, ದಿನಾ ನೋಡಿ ನೋಡಿ ಬರುತ್ತಿತ್ತು ಅಂದ."

ಆರು ವರ್ಷ ಅವನ ಎದುರಿನ ಮೇಜಿನಲ್ಲೇ ಕೂತು ಬರೆದವಳು ಅವಳು. ಹೇಳಿಕೆಯ ಕೆಳಗೆ ಪೆನ್ನು ಇಟ್ಟವಳು ಮತ್ತೆ ಎತ್ತಿದಳು. ಕೊನೆಗೆ, 'ಪ್ರ' ಎಂದು ಬರೆಯುವುದನ್ನು ಬಿಟ್ಟು, ಚಿಕ್ಕ ಮಕ್ಕಳ ಹಾಗೆ ತನ್ನ ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ ಬರೆದಳು.