ಆ ಸಂಜೆ ಡ್ಯೂಟಿ ಇತ್ತೇ?

"ಅನ್ನಪೂರ್ಣಾ ಅವರ, ನೀವು ಕತ್ತರಿ ಹಿಡಿಯೂದು ನೋಡಿದ್ರ ಲಾಠಿ ಹಿಡದಂಗ ಕಾಣತೈತಿ ನೋಡ್ರಿ!"

ಧರಣಿಯ ಮುಂದಾಳು ಈಶಪ್ಪ ಇಷ್ಟು ಹೇಳಿ ನಕ್ಕುಬಿಟ್ಟ. ಪೆಂಡಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಬ್ಯಾನರಿನ ಬಟ್ಟೆ ಕತ್ತರಿಸುತ್ತ ಕೂತಿದ್ದವಳು ಮಾತ್ರ ನಗಲಿಲ್ಲ. ಗೊತ್ತಾಗಿ ಹೋಯಿತೇ? ಯಾರು ಹೇಳಿದರು? ಎದ್ದು ಹೋಗಬೇಕೋ, ಕೂತೇ ಇರಬೇಕೋ? ತಲೆ ಎತ್ತಿ ಅವನ ಮುಖ ನೋಡಿದಳು. ಅಲ್ಲಿ ಅನುಮಾನವಿರಲಿಲ್ಲ, ಬರೀ ತುಂಟತನವಿತ್ತು. ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿದ್ದಿತ್ತು. ಅದನ್ನು ಗಮನಿಸಬಾರದಿತ್ತು, ಗಮನಿಸಿದಳು.

"ಹುಷಾರಿರ್ರಿ ಮತ್ತ," ಎಂದಳು. "ಹತ್ತರ ಬಂದ್ರ ಬಿದ್ದೀತು."

"ಬೀಳಲಿ ಬಿಡ್ರಿ. ನಿಮ್ಮ ಕೈಯಾಂದಂದ್ರ ಅದೂ ಚಲೋನ."

ಹೆಂಗಸರು ಹೋ ಎಂದರು. ಅವಳ ಕೈಯಲ್ಲಿನ ಬಟ್ಟೆ ಸೊಟ್ಟಗೆ ಕತ್ತರಿಸಿ ಹೋಯಿತು.

ಅವಳ ಹೆಸರು ಅನ್ನಪೂರ್ಣಾ ಅಲ್ಲ, ಮಹೇಶ್ವರಿ. ಚಿಕ್ಕನರಗುಂದದ ಹುಡುಗಿ, ಪೊಲೀಸ್ ಕಾನ್‌ಸ್ಟೇಬಲ್. ರಾಜೂರಿನ ಗುಡ್ಡದ ಮಗ್ಗುಲಲ್ಲಿ ಒಂದು ಜಲ್ಲಿ ಕ್ರಷರ್ ಶುರುವಾಗಿತ್ತು. ಅದರ ಧೂಳು ಒಣಹಾಕಿದ ಮೆಣಸಿನಕಾಯಿಯ ಮೇಲೆಲ್ಲ ಕೂರುತ್ತಿತ್ತು, ಕಲ್ಲು ಸಿಡಿಸಿದಾಗ ಗೋಡೆ ಬಿರುಕು ಬಿಡುತ್ತಿತ್ತು. ಊರವರು ಪೆಂಡಾಲು ಹಾಕಿ ಧರಣಿ ಕೂತರು. ಅವರೊಳಗೆ ಯಾರು ಏನನ್ನುತ್ತಾರೆಂದು ತಿಳಿಯಲು ಮೇಲಿನವರು ಇವಳಿಗೊಂದು ಹೊಸ ಹೆಸರು ಕೊಟ್ಟು, ಹೊಲಿಗೆ ಟೀಚರ್ ಮಾಡಿ ಕಳಿಸಿದ್ದರು. ಹೊಲಿಗೆ ಅವಳಿಗೆ ಅಷ್ಟಕ್ಕಷ್ಟೇ. ಕತ್ತರಿ ಲಾಠಿಯಂತೆ ಕಂಡರೆ ಪಾಪ, ಕತ್ತರಿಯದೇನು ತಪ್ಪು?

ದಿನಾ ಸಂಜೆ ಅವಳು ಇನ್‌ಸ್ಪೆಕ್ಟರ್ ಅಯ್ಯಪ್ಪ ಸಾಹೇಬರಿಗೆ ಫೋನ್ ಮಾಡಬೇಕು. ಯಾರು ಬಂದರು, ಯಾರು ಮಾತಾಡಿದರು ಎಂದು ವರದಿ ಒಪ್ಪಿಸಬೇಕು. ಒಮ್ಮೆ ಈಶಪ್ಪ ಮೈಕಿನಲ್ಲಿ ಹೇಳಿದ: "ಆ ಮಷಿನ್‌ಗೆ ಬೆಂಕಿ ಹಚ್ಚೂದು ಒಂದ ಕಡ್ಡಿ ಕೆಲಸ. ಆದ್ರ ನಾವು ಹಚ್ಚಂಗಿಲ್ಲ, ಕುಂತ ಗೆಲ್ಲತೀವಿ." ಆ ದಿನ ಹೇಳಲು ಬೇರೆ ಸುದ್ದಿಯೇ ಇರಲಿಲ್ಲ. ಸಾಹೇಬರು "ಬರೇ ಸಪ್ಪನ್ನ ಮಾತ ಹೇಳತೀಯಲ್ಲ" ಎಂದು ರೇಗಿದರು. ಅವಳು ಮಾತಿನ ಮೊದಲರ್ಧವಷ್ಟೇ ಹೇಳಿ ಫೋನ್ ಇಟ್ಟಳು. ಇಟ್ಟ ಮೇಲೆ ಏನೋ ಕಸಿವಿಸಿಯಾಯಿತು. ಅದು ನೌಕರಿಯ ಕಸಿವಿಸಿಯೋ ಬೇರೆಯದೋ, ತಿಳಿಯಲಿಲ್ಲ.

ತಿಳಿಯದ್ದು ದಿನದಿನಕ್ಕೆ ಹೆಚ್ಚಾಗುತ್ತ ಹೋಯಿತು. ಬ್ಯಾನರಿಗೆ ಕೆಂಪು ಬಟ್ಟೆ ಬೇಕೆಂದು ಅವನ ಬೈಕಿನಲ್ಲಿ ಗಜೇಂದ್ರಗಡದ ಪ್ಯಾಟಿಗೆ ಹೋದರು. ನಡುವೆ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದಳು. ಬರುವಾಗ ಚೀಲ ಮಡಿಲಿಗೆ ಬಂದಿತ್ತು, ಅದು ಹೇಗೆ ಬಂತೋ ಇಬ್ಬರೂ ಕೇಳಲಿಲ್ಲ. ಮಂಡಕ್ಕಿ ಗಿರಮಿಟ್ಟಿನ ಅಂಗಡಿಯಲ್ಲಿ ಅವನೇನೋ ಅಂದ, ಅವಳು ಜೋರಾಗಿ ನಕ್ಕಳು, ನಕ್ಕು ಹಿಂದೆ ಮುಂದೆ ನೋಡಿದಳು.

"ನಕ್ಕ ಮ್ಯಾಲ ಆಜೂಬಾಜೂ ಯಾಕ ನೋಡತೀರಿ?" ಎಂದ ಈಶಪ್ಪ. "ನಗೂದೇನ ಯಾರ ಕಡೆಯಿಂದರ ಕಡಾ ತಂದೀರೇನ?"

"ಮೆಣಸಿನಕಾಯಿ ತಿನ್ರಿ ಸುಮ್ಕ. ನಿಮ್ಮ ಮಾತ ಅದಕಿಂತ ಖಾರ."

"ಖಾರ ಆದ್ರೂ ಕಣ್ಣಾಗ ನೀರು ಬಂದಿಲ್ಲಲ್ಲ. ಅಂದ್ರ ಸೇರೈತಿ ಅಂತಾತು."

ಅವಳು ಕಣ್ಣು ಕೆಳಗೆ ಮಾಡಿದಳು. ಅವನು ನೋಡುತ್ತಿದ್ದಾನೆಂದು ನೋಡದೆಯೇ ಗೊತ್ತಾಗುತ್ತಿತ್ತು. ಈ ನಾಚಿಕೆ ಅನ್ನಪೂರ್ಣಾಳದೋ ಮಹೇಶ್ವರಿಯದೋ? ನಟನೆಯಾದರೆ ಕಿವಿ ಬಿಸಿಯಾಗಬಾರದಿತ್ತಲ್ಲ?

ಅವನ ಅವ್ವ ಸಿದ್ದಲಿಂಗವ್ವ ಇನ್ನೂ ಅಪಾಯದ ಹೆಂಗಸು. ಮನೆಗೆ ಕರೆದು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ಎದುರಿಗೇ ಕೂತಳು. "ಯಾರ ಪೈಕಿ ಯವ್ವಾ ನೀನು? ನಿಮ್ಮ ಸೋದರಮಾವನ ಊರು ಯಾವುದು?" ಈ ಸೀಮೆಯಲ್ಲಿ ಇಂಥ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಐದನೆಯದಕ್ಕೆ ಸುಳ್ಳು ಸಿಕ್ಕಿಬೀಳುತ್ತದೆ. ಇವಳು ತೊದಲಿದಳು. ಸಿದ್ದಲಿಂಗವ್ವ ಅದನ್ನು ಬಡತನದ ಸಂಕೋಚವೆಂದುಕೊಂಡಳು. "ಇರಲಿ ಬಿಡು, ಉಣ್ಣು. ಪೈಕಿ ಆಮ್ಯಾಲ ಹುಡುಕೂಣು," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಹತ್ತಿರದ ಸೂಡಿ ಊರಿನ ಹಳೇ ನೀರಿನ ಕುಂಡ ನೋಡಿಲ್ಲವೆಂದು ಅವಳೇ ಅಂದಿದ್ದಳು. ಒಂದು ಸಂಜೆ ಈಶಪ್ಪ ಕರೆದುಕೊಂಡು ಹೋದ. ಕಲ್ಲಿನ ಮೆಟ್ಟಿಲ ಮೇಲೆ ಕೂತರು. ಅಷ್ಟು ಮಾತಿನ ಮಲ್ಲ, ಅಲ್ಲಿ ಒಂದೂ ಮಾತು ಸಿಗದೆ ನೀರಿಗೆ ಸಣ್ಣ ಸಣ್ಣ ಹರಳು ಎಸೆಯುತ್ತ ಕೂತ.

"ಮೈಕ್ ಬೇಕೇನ?" ಎಂದಳು ಅವಳು.

"ಹೌದ್ರಿ. ಮೈಕ್ ಇದ್ದಿದ್ರ ಚಲೋ ಇತ್ತು." ಆಮೇಲೆ ಅವಳ ಕಡೆ ತಿರುಗಿದ. "ಅವ್ವ ನಿಮ್ಮ ಪೈಕಿ ಹುಡುಕತೀನಿ ಅಂತಾಳ. ನಾ ಹುಡುಕೂದು ಬ್ಯಾಡ ಅಂದೆ. ನಂಗ ನೀವಷ್ಟ ಸಾಕು. ನೀವೇನಂತೀರಿ?"

ಸಾಹೇಬರಿಗೆ ಫೋನ್ ಮಾಡುವ ಹೊತ್ತು ಅದು. ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ಅವಳು ತೆಗೆದು ಸ್ವಿಚ್ ಆಫ್ ಮಾಡಿದಳು. ಅವಳ ಬೆರಳು ಅವನ ಬೆರಳ ಹತ್ತಿರವೇ ಇತ್ತು. ಯಾರು ಮೊದಲು ಸರಿಸಿದರೋ, ಒಂದರ ಮೇಲೊಂದು ಬಂದವು.

"ನಾಳೆ ಹೇಳತೀನಿ," ಎಂದಳು. ನಾಳೆ ಎಲ್ಲವನ್ನೂ ಹೇಳಬೇಕೆಂದೇ ಇದ್ದಳು. ಹೆಸರಿನಿಂದ ಹಿಡಿದು.

ನಾಳೆ ಬೇರೆಯದೇ ಸುದ್ದಿ ತಂದಿತು. ಅವರು ಸೂಡಿಯಲ್ಲಿ ಕೂತಿದ್ದ ಹೊತ್ತಿನಲ್ಲೇ ಕ್ರಷರಿನ ಲೋಡರ್‌ಗೆ ಯಾರೋ ಬೆಂಕಿ ಹಚ್ಚಿದ್ದರು. ಬೆಳಕು ಹರಿಯುವುದರೊಳಗೆ ಪೊಲೀಸರು ಈಶಪ್ಪನನ್ನು ಹಿಡಿದೊಯ್ದಿದ್ದರು.

"ಭೇಷ್," ಎಂದರು ಫೋನಿನಲ್ಲಿ ಅಯ್ಯಪ್ಪ ಸಾಹೇಬರು. "ಒಂದ ಕಡ್ಡಿ ಕೆಲಸ ಅಂದಾನಂತ ನೀನ ಹೇಳಿದ್ಯಲ್ಲ. ನೀನ ಸಾಕ್ಷಿ."

"ಸರ್, ಆ ಹೊತ್ತಿನಾಗ ಅವರು ಸೂಡ್ಯಾಗ ಇದ್ರು."

"ನಿಂಗ ಹ್ಯಾಂಗ ಗೊತ್ತು?"

"ನಾನೂ ಅಲ್ಲೇ ಇದ್ದೆ ಸರ್. ಅವರ ಜೋಡಿ."

ಸಾಹೇಬರು ದನಿ ತಗ್ಗಿಸಿ, "ಇದನ್ನ ಯಾರ ಮುಂದೂ ಆಡಬ್ಯಾಡ," ಎಂದು ಫೋನ್ ಇಟ್ಟರು.

ಮಧ್ಯಾಹ್ನ ಸಿದ್ದಲಿಂಗವ್ವ ಇವಳ ಬಾಡಿಗೆ ಖೋಲಿಗೆ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"'ನಿನ್ನೆ ಸಂಜಿ ಎಲ್ಲಿದ್ದಿ' ಅಂತ ಅಂವನ್ನ ಎಲ್ಲಾರೂ ಕೇಳಿದ್ರವಾ. ಬಾಯಿ ಬಿಡವಲ್ಲ. ನಾ ಕಾಲ ಹಿಡಕೊಂಡು ಕೇಳಿದೆ. 'ಅವ್ವಾ, ಜೋಡಿ ಒಬ್ಬಾಕಿ ಇದ್ಲು, ಹೆಣ್ಣಮಗಳ ಹೆಸರು ಠಾಣೇದಾಗ ಬರಬಾರದು' ಅಂದ. ಖರೇ ಹೇಳು, ಆಕಿ ನೀನ ಹೌದಲ್ಲ?"

ತನ್ನ ಹೆಸರು ಠಾಣೆಗೆ ಬರಬಾರದೆಂದು ಒಬ್ಬ ಲಾಕಪ್ಪಿನಲ್ಲಿ ಕೂತಿದ್ದಾನೆ. ಆ ಹೆಸರನ್ನು ಕೊಟ್ಟದ್ದೇ ಠಾಣೆ. ಮಹೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯದೆ ಅಳುವೇ ಬಂತು.

"ನಾನ ಹೌದು, ಅತ್ತಿ," ಎಂದಳು. "ಆದ್ರ ನಾನೂ ಠಾಣೇದಾಕಿನ. ನಾ ಪೊಲೀಸ್."

ಸಿದ್ದಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡಿದಳು.

"ನಮ್ಮನ್ಯಾಗ ಉಂಡ್ಯಲ್ಲವಾ," ಎಂದಳು ಕೊನೆಗೆ. "ಉಂಡ ಮನಿ ಜಂತಿ ಎಣಿಸಿದ್ಯಾ?" ಎಂದವಳೇ ಎದ್ದು ಹೋದಳು.

ಮಹೇಶ್ವರಿ ಅವತ್ತೇ ಈಶಪ್ಪನ ವಕೀಲ ಕಾಶೀಂಸಾಬರ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು.

ರೋಣದ ಕೋರ್ಟಿನಲ್ಲಿ ಜಾಮೀನಿನ ದಿನ. ಅವಳು ಯೂನಿಫಾರ್ಮ್ ಹಾಕಿಕೊಂಡೇ ಬಂದಳು. ವರಾಂಡದಲ್ಲಿ ಅಯ್ಯಪ್ಪ ಸಾಹೇಬರು ಅಡ್ಡ ನಿಂತರು. ಬಯ್ಯುತ್ತಾರೆಂದುಕೊಂಡಿದ್ದಳು, ಅವರು ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು.

"ಹೇಳೂದಾದ್ರ ಹಿಂಗ ಹೇಳು. ಡ್ಯೂಟಿ ಮ್ಯಾಲ ಅವನ ಹಿಂದ ಹೋಗಿದ್ದೆ, ನಿಗಾ ಇಟ್ಟಿದ್ದೆ ಅಂತ. ಅಂವನೂ ಹೊರಗ ಬರತಾನ, ನಿನ್ನ ನೌಕರಿನೂ ಉಳಿತೈತಿ. ಡ್ಯೂಟಿ ಇದ್ದಿಲ್ಲ ಅಂದ್ಯೋ, ಇವತ್ತ ಸಸ್ಪೆಂಡ್."

ಅದೇನು ಕೆಟ್ಟ ಮಾತಲ್ಲ, ಎನಿಸಿತು. ನೌಕರಿಯ ಮೇಲೆ ಚಿಕ್ಕನರಗುಂದದ ಇಡೀ ಮನೆ ನಿಂತಿದೆ. ಅವನೂ ಬಿಡುಗಡೆಯಾಗುತ್ತಾನೆ. ಇನ್ನೇನು ಬೇಕು?

ಅಷ್ಟರಲ್ಲಿ ಅವನನ್ನು ಕರೆತಂದರು. ಗಡ್ಡ ಬೆಳೆದಿತ್ತು. ಖಾಕಿಯಲ್ಲಿದ್ದ ಅವಳನ್ನು ಕಂಡು ಒಂದು ಗಳಿಗೆ ಬೆರಗಾಗಿ ನಿಂತ. ಆಮೇಲೆ ಆ ಸ್ಥಿತಿಯಲ್ಲೂ ನಗು ಬಂತು.

"ಅನ್ನಪೂರ್ಣಾ, ಇದೇನ ವೇಷ? ನನ್ನ ಬಿಡಿಸಾಕ ಹಾಕ್ಕೊಂಡು ಬಂದಿಯೇನ? ಹುಚ್ಚಿ, ಹಿಡದಾರು!"

"ಇದು ವೇಷ ಅಲ್ರಿ," ಎಂದಳು. "ಅದು ವೇಷ ಇತ್ತು."

ಅವನ ಕೆನ್ನೆಯ ಗುಳಿ ಮೆಲ್ಲಗೆ ಮುಚ್ಚಿಹೋಯಿತು.

"ಸೂಡ್ಯಾಗ ನನ್ನ ಬಾಜೂಕ ಕುಂತಾಕಿ ಯಾರು ಹಂಗಾದ್ರ?"

ಉತ್ತರಕ್ಕೆ ಕಾಯದೆ ಪೇದೆ ಅವನನ್ನು ಒಳಗೆ ಕರೆದುಕೊಂಡು ಹೋದ.

ನ್ಯಾಯಾಧೀಶರು ಹೆಸರು ಕೇಳಿದರು, ಹೇಳಿದಳು. ಆರೋಪಿ ಆ ಹೊತ್ತಿನಲ್ಲಿ ಎಲ್ಲಿದ್ದ ಎಂದು ಕೇಳಿದರು, ಅದನ್ನೂ ಹೇಳಿದಳು. ಕಡ್ಡಿಯ ಮಾತಿನ ಉಳಿದರ್ಧವನ್ನೂ ಹೇಳಿ, ಅದನ್ನು ನುಂಗಿದ್ದು ತಾನೇ ಎಂದಳು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಸೂಡಿಯ ಮಾತು ಹೇಳಿದ್ದೆರಿ. ಯಾರ ಮುಂದೂ ಆಡಬ್ಯಾಡ ಅಂದ್ರು. ನಮ್ಮ ಅಯ್ಯಪ್ಪ ಸಾಹೇಬರು."

ನ್ಯಾಯಾಧೀಶರು ಕನ್ನಡಕ ತೆಗೆದು ಕೆಳಗಿಟ್ಟರು. "ಒಂದು ಮಾತು ಸ್ಪಷ್ಟವಾಗಲಿ. ಆ ಸಂಜೆ ಆರೋಪಿಯ ಜೊತೆ ಕೂತಿದ್ದಾಗ ನೀವು ಡ್ಯೂಟಿ ಮೇಲಿದ್ದಿರಾ?"

ಇಡೀ ಕೋರ್ಟು ಅವಳ ಕಡೆ ನೋಡಿತು. ಈಶಪ್ಪ ಮಾತ್ರ ನೋಡಲಿಲ್ಲ, ನೆಲ ನೋಡುತ್ತಿದ್ದ. ಆ ಪ್ರಶ್ನೆಯನ್ನು ಅವನೂ ಒಳಗೊಳಗೆ ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಎಷ್ಟೋ ದಿನಗಳ ಗೊಂದಲದಲ್ಲಿ ಈ ಒಂದೇ ಒಂದಕ್ಕೆ ಅವಳ ಹತ್ತಿರ ಉತ್ತರವಿತ್ತು.

"ಇದ್ದಿಲ್ರಿ," ಎಂದಳು. "ನನ್ನ ಹೆಸರಷ್ಟ ಡ್ಯೂಟಿ ಮ್ಯಾಲ ಇತ್ತು. ನಾ ಇದ್ದಿಲ್ಲ."

ಈಶಪ್ಪ ತಲೆ ಎತ್ತಿದ.

ಸಂಜೆಯೊಳಗೆ ಅವನಿಗೆ ಜಾಮೀನು ಸಿಕ್ಕಿತು, ಅವಳಿಗೆ ಸಸ್ಪೆನ್ಷನ್ ಆರ್ಡರ್ ಸಿಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ ಅವನೂ ಅವನ ಅವ್ವನೂ ಒಂದು ಕಡೆ ನಿಂತಿದ್ದರು, ಇವಳು ಇನ್ನೊಂದು ಕಡೆ. ಬಹಳ ಹೊತ್ತಿನ ಮೇಲೆ ಅವನೇ ಬಂದ. ನಗುವಿರಲಿಲ್ಲ.

"ಜಡ್ಜ್ ಮುಂದ ಹೇಳಿದ್ರ ಸಾಲಂಗಿಲ್ಲ. ಪೆಂಡಾಲಿನಾಗ ಹೇಳಬೇಕು. ಯಾರ್ಯಾರ ಬಗ್ಗೆ ಏನೇನು ಫೋನ್ ಮಾಡಿದಿ, ಎಲ್ಲಾ. ಅವರ ಮುಖಾ ನೋಡಿ."

"ಹೇಳತೀನಿ. ಬೈತಾರ."

"ಬೈಲಿ. ಬೈಯಾವರಾಗ ನಾನೂ ಅದೀನಿ."

"ಆಮ್ಯಾಲ?"

"ಆಮ್ಯಾಲಿಂದು ನಂಗೂ ತಿಳಿವಲ್ದು," ಎಂದ. ಹೋಗಲು ತಿರುಗಿದವನು ಮತ್ತೆ ನಿಂತ. "ಮಹೇಶ್ವರಿ," ಎಂದು ಮೆಲ್ಲಗೆ ಅಂದು ನೋಡಿದ. "ಇನ್ನೂ ಬಾಯಾಗ ಕುಂದ್ರವಲ್ದು."

ಗಜೇಂದ್ರಗಡದ ಬಸ್ಸು ಬಂತು, ಜನ ನುಗ್ಗಿದರು. ಈಶಪ್ಪ ಹೇಗೋ ಒಳಗೆ ಸೇರಿಕೊಂಡ. ಕಿಟಕಿಯ ಪಕ್ಕ ಕೂತು, ಹೆಗಲ ಮೇಲಿನ ಟವೆಲ್ ತೆಗೆದು ಬಾಜೂ ಸೀಟಿಗೆ ಹಾಕಿದ. ಹೊರಗೆ ನೋಡಲಿಲ್ಲ. ಅವ್ವನಿಗಿರಬೇಕೆಂದು ಮಹೇಶ್ವರಿ ಕೆಳಗೇ ನಿಂತಳು.

ಸಿದ್ದಲಿಂಗವ್ವ ಮೆಟ್ಟಿಲು ಹತ್ತಿ ಹೋಗಿ ಟವೆಲ್ ನೋಡಿದಳು, ಮಗನನ್ನು ನೋಡಿದಳು, ಕಿಟಕಿಯಿಂದ ಕೆಳಗೆ ಖಾಕಿಯವಳನ್ನು ನೋಡಿದಳು. ಒಂದು ಉಸಿರು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು.

ಡ್ರೈವರ್ ಹಾರ್ನ್ ಹೊಡೆದ. ಮಹೇಶ್ವರಿ ಬಸ್ಸು ಹತ್ತಿದಳು.