ನಕ್ಷೆಯಲ್ಲಿಲ್ಲದ ಹಳ್ಳ

ಸೋಮವಾರ ಹನ್ನೊಂದು ಗಂಟೆಗೆ ದ್ವೀಪದ ಭೂಬಳಕೆ ನಕ್ಷೆಗೆ ಮೊಹರು ಬೀಳುತ್ತದೆ. ಪೂರ್ವದ ಇಳಿಜಾರಿನಲ್ಲಿ ಹಳ್ಳವೇ ಇಲ್ಲ ಎನ್ನುತ್ತದೆ ನಕ್ಷೆ. ಹಳ್ಳವಿಲ್ಲದ ಕಾಡನ್ನು ಕಡಿಯಬಹುದು ಎನ್ನುತ್ತದೆ ಕಾನೂನು. ಹರಿಯುವ ನೀರನ್ನು ಅಳೆದು ತಂದರೆ ಅದರ ಎರಡೂ ದಡದಲ್ಲಿ ಮೂವತ್ತು ಮೀಟರ್ ಕಾಡು ಉಳಿಯುತ್ತದೆ. ಕೈಯಲ್ಲಿ ಇದ್ದದ್ದು ಭಾನುವಾರ ಒಂದೇ.

ಸರ್ವೆಯವಳು, ದೋಣಿ ನಡೆಸುವ ಅವಳ ಭಾವ, ಸಸ್ಯಶಾಸ್ತ್ರದ ಮೇಷ್ಟ್ರು ಬೆಳಿಗ್ಗೆಯೇ ಬೆಟ್ಟ ಹತ್ತತೊಡಗಿದರು.

"ನಮ್ಮ ಮಾವ ಜಾಣರು ಕಣೆ," ಎಂದ ಭಾವ, ಕಾಲಿನ ಜಿಗಣೆ ಕೀಳುತ್ತ. "ದೋಣೀಲೇ ಕೂತು ಬೆಟ್ಟ ಅಳೆದ್ಬಿಟ್ರು."

"ಸಾಕು ಸುಮ್ನಿರಿ, ಭಾವ."

ಆದರೆ ನಿಜವೇ. ಈ ನಕ್ಷೆಗೆ ಆಧಾರವಾದ ಹಳೆಯ ನಕ್ಷೆಯನ್ನು ಮೂವತ್ತು ವರ್ಷದ ಹಿಂದೆ ಬರೆದವರು ಅವಳ ಅಪ್ಪ. ಕಡಲಿನಿಂದ ನೋಡಿದರೆ ಎಲೆಗಳಷ್ಟೇ ಕಾಣುತ್ತವೆ. ಅವುಗಳಡಿಯ ನೀರು ಕಾಣುವುದಿಲ್ಲ.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಕಾಡು ಮುಗಿದೇಹೋಯಿತು. ಮೊಹರಿಗೂ ಕಾಯದೆ ಯಾರೋ ಕಡಿದಿದ್ದರು. ಕಣ್ಣು ಹಾಯುವವರೆಗೂ ಬೊಡ್ಡೆಗಳು, ನಡುವೆ ಕೆಮ್ಮಣ್ಣು. ಆ ಮಣ್ಣು ತೊಳೆದುಹೋಗಿ, ಕೆಳಗೆ ಹವಳದ ದಿಬ್ಬಗಳ ಮೇಲೆ ಕಂದು ಕಲೆಯಾಗಿ ಹರಡಿತ್ತು. ಮೇಷ್ಟ್ರು ಒಂದು ಬೊಡ್ಡೆಯನ್ನು ಸವರಿದರು.

"ಈ ಮರ ಬೇರೆಲ್ಲೂ ಇಲ್ಲ," ಎಂದರು. "ಇನ್ನು ಇಲ್ಲೂ ಇಲ್ಲ."

ಅಷ್ಟರಲ್ಲಿ ನೆಲ ಜಾರಿತು.

ಮೇಷ್ಟ್ರು ಸೊಂಟದವರೆಗೆ ಮಣ್ಣಿನಲ್ಲಿ ಹೂತುಹೋದರು. "ಭಾವ, ಹಗ್ಗ!" ಭಾವ ಹಗ್ಗವನ್ನು ಬೊಡ್ಡೆಗೆ ಸುತ್ತಿ, ತುದಿಯನ್ನು ಮೇಷ್ಟ್ರಿಗೆ ಎಸೆದು ಹಿಂದಕ್ಕೆ ವಾಲಿದ.

"ಚೀಲ ಬಿಸಾಕಿ, ಮೇಷ್ಟ್ರೇ!"

"ಆರು ವಾರ ಕೂಡಿಟ್ಟ ಗಿಡಗಳಯ್ಯಾ!"

"ನೀವಿದ್ರೆ ಮತ್ತೆ ಸಿಗುತ್ವೆ!"

ಸಿಗುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಪಟ್ಟಿ ಕಳಚಿದರು. ಚೀಲ ಉರುಳುರುಳಿ ಕಣ್ಮರೆಯಾಯಿತು. ಇಬ್ಬರೂ ಸೇರಿ ಅವರನ್ನು ಮೇಲಕ್ಕೆಳೆದರು.

ಮೊದಲ ಕಮರಿ ಒಣಗಿತ್ತು. ಎರಡನೆಯದೂ. ಐದನ್ನು ಹುಡುಕಿದರು, ನಾಲ್ಕರಲ್ಲಿ ಬರೀ ಕಲ್ಲು. ಇನ್ನೂ ಮರಗಳು ಉಳಿದಿದ್ದ ಐದನೆಯದರಲ್ಲಿ, ಬಂಡೆಯ ಬುಡದಿಂದ, ಬೆರಳು ಗಾತ್ರದ ನೀರು ಹರಿಯುತ್ತಿತ್ತು. ಅವಳು ಮಂಡಿಯೂರಿ ಅಳತೆಯ ಡಬ್ಬಿ ಹಿಡಿದಳು. ತುಂಬಲು ನಲವತ್ತೊಂದು ಸೆಕೆಂಡು. ಯಾರೂ ಕುಣಿಯಲಿಲ್ಲ. ಭಾವ ಮಾತ್ರ ಒಂದು ಬೊಗಸೆ ಕುಡಿದ.

ಮರುದಿನ ಕಚೇರಿಯಲ್ಲಿ ನಕ್ಷೆಗಾರ ನೀಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಅಕ್ಕಪಕ್ಕ ಹಸಿರು ತುಂಬಿದ. ಅಷ್ಟು ಉಳಿಯಿತು. ಮಿಕ್ಕ ಇಳಿಜಾರೆಲ್ಲ, ಕಡಿಯಬಹುದು ಎನ್ನುವ ಹಳದಿಯಾಗಿಯೇ ಇತ್ತು. ಮೊಹರು ಬಿತ್ತು.

ಮನೆಯ ಬಾಗಿಲಲ್ಲಿ ಅಪ್ಪ ಕಾಯುತ್ತಿದ್ದರು.

"ನೀರು ಸಿಕ್ತಾ?"

"ಒಂದು ಕಡೆ."

"ಆವಾಗ ಎಷ್ಟು ಕಡೆ ಇತ್ತೋ..."

ಅವಳು ಬೂಟು ಬಿಚ್ಚಿ ಕೊಡವಿದಳು. ಮೆಟ್ಟಿಲ ಮೇಲೆ ಕೆಮ್ಮಣ್ಣು ಉದುರಿತು. ಅಪ್ಪ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದರು. ಆ ಬೆಟ್ಟದ ಮಣ್ಣನ್ನು ಅವರು ಮುಟ್ಟಿದ್ದು ಅದೇ ಮೊದಲು.