ಒಂದು ಬೆರಳಗಲ

"ಏನು ಬೇಕಾದ್ರೂ ರಿಪೇರಿ ಮಾಡ್ಸಿ ಸಾರ್, ಡ್ರೈವರ್ ಕಡೆ ಗಾಜು ಮಾತ್ರ ಹಾಗೇ ಇರ್ಲಿ," ಎಂದು ಗ್ಯಾರೇಜ್ ಮೇಸ್ತ್ರಿಯ ಹೆಂಡತಿ ಕೀಲಿ ಕೊಡುತ್ತ ಹೇಳಿದಾಗ ಕಾರು ಕೊಂಡ ಲಿಫ್ಟ್ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಕೀಲಿ ಚಾಚಿದ ಆ ಕೈಯಲ್ಲಿ ತೋರುಬೆರಳು ಇರಲಿಲ್ಲ. ಎಲ್ಲೋ ಯಂತ್ರಕ್ಕೆ ಸಿಕ್ಕಿರಬೇಕು ಎಂದುಕೊಂಡ.

ಗ್ಯಾರೇಜಿನ ಕತ್ತಲಲ್ಲಿ ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ನಿಂತಿತ್ತು. ಮೂವತ್ತು ವರ್ಷದ ಹಳೆಯ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಕೆಂಪು ಬಣ್ಣ. ಡ್ರೈವರ್ ಕಡೆಯ ಗಾಜು ಮೇಲಿನ ಅಂಚು ಮುಟ್ಟದೆ ಒಂದು ಬೆರಳಗಲ ಕೆಳಗೇ ಸಿಕ್ಕಿಕೊಂಡಿತ್ತು.

"ಇದರ ಮೊದಲನೇ ಯಜಮಾನ ಮನೇಲಿ ನಿಲ್ತಾನೇ ಇರ್ಲಿಲ್ಲ," ಎಂದಳು ಅವಳು, ಗಂಡನ ಕಡೆ ನೋಡದೆ. "ಹೆಂಡ್ತಿ ಬೇಸತ್ತು ಮಾಟಗಾರನ ಹತ್ರ ಹೋದ್ಲು. ಗಂಡ ಎಲ್ಲೂ ಹೋಗದ ಹಾಗೆ ಕಟ್ಟು ಹಾಕ್ಸಿದ್ಲು. ಮನೇಲಿ ಕಟ್ಟಬೇಕಾಗಿದ್ದು ಈ ಕಾರಲ್ಲಿ ಕಟ್ತು. ಅವನು ಒಳಗೇ ಸಿಕ್ಕೊಂಡ, ಬಾಗಿಲು ತೆಗ್ಸೋ ಹೊತ್ತಿಗೆ ಮೂರು ದಿನ ಆಗಿತ್ತು, ಉಸಿರಿರ್ಲಿಲ್ಲ. ಎರಡು ತುದಿ ಸೇರಿದ್ರೆ ತಾನೇ ಸಾರ್ ಗಂಟು ಬೀಳೋದು? ಅದಕ್ಕೇ ಅಷ್ಟು ಸಂದು ಬಿಟ್ಟಿದೀವಿ."

"ಅಮ್ಮಾ, ನಾನು ದಿನಾ ಹತ್ತು ಲಿಫ್ಟ್ ನೋಡೋನು. ಮುಚ್ಚದ ಬಾಗಿಲು ಅಂದ್ರೆ ಕೆಟ್ಟ ಬಾಗಿಲು, ಅಷ್ಟೆ."

ಹೆಂಡತಿ ಒಳಗೆ ಹೋದ ಮೇಲೆ ಮೇಸ್ತ್ರಿ ಹತ್ತಿರ ಬಂದು, "ಡಿಕ್ಕೀಲಿ ಗಾಜಿನ ಹೊಸ ಮೋಟರು ಇಟ್ಟಿದೀನಿ. ಅದಕ್ಕೆ ದುಡ್ಡು ಬೇಡ," ಎಂದು ಪಿಸುಗುಟ್ಟಿದ. ಕಾರನ್ನು ತಾನೇ ಇನ್ಸ್‌ಪೆಕ್ಟರ ಮನೆಗೆ ತಲುಪಿಸಿದ. ಅಲ್ಲದೆ, ಹಳೇ ಗಾಡಿಗೆ ಹತ್ತಿರ ಒಬ್ಬ ಇರಬೇಕು ಎಂದು ಅವರ ಕಟ್ಟಡದ ಎದುರೇ ಒಂದು ಕೋಣೆ ಬಾಡಿಗೆಗೆ ಹಿಡಿದ. ಇಂಥ ಒಳ್ಳೆಯ ಮನುಷ್ಯ ಈ ಕಾಲದಲ್ಲಿ ಸಿಗುತ್ತಾನೆಯೇ ಎಂದು ಇನ್ಸ್‌ಪೆಕ್ಟರು ಬೀಗಿದ.

ಇನ್ಸ್‌ಪೆಕ್ಟರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಕ್ತ ತೆಗೆಯಲು ಯಾರಿಗೂ ನರ ಸಿಗದಿದ್ದರೆ ಇವಳನ್ನೇ ಕರೆಯುತ್ತಿದ್ದರು. ಕಣ್ಣು ಮುಚ್ಚಿ ತೋರುಬೆರಳು ಆಡಿಸಿದರೆ ಸಾಕು, ಎಂಥ ಮುದುಕರ ಕೈಯಲ್ಲೂ ನರ ಸಿಗುತ್ತಿತ್ತು. ಕಾರಿಗೆ ಅವಳಿಟ್ಟ ಹೆಸರು 'ಸವತಿ'.

ಸವತಿ ಸುಮ್ಮನೆ ಕೂರುವವಳಲ್ಲ. ಮೊದಲು ರೇಡಿಯೇಟರ್ ಕುದಿಯಿತು. ಆಮೇಲೆ ಎಂಜಿನ್ನಿನ ಅಡಿಯಿಂದ ಆಯಿಲ್ ತೊಟ್ಟಿಕ್ಕಿ ನೆಲದ ಮೇಲೆ ಕಪ್ಪು ನಕ್ಷೆ ಬರೆಯಿತು. ಬಾನೆಟ್ಟಿನೊಳಗೆ ಮಡಚಿಕೊಳ್ಳುವ ಮುಂದಿನ ದೀಪಗಳಲ್ಲಿ ಒಂದು ಮಾತ್ರ ಎದ್ದು, ಹೋಗಿ ಬರುವವರಿಗೆಲ್ಲ ಕಣ್ಣು ಹೊಡೆಯಿತು. ಕಾರ್ಪೆಟ್ ಎತ್ತಿದರೆ ತುಕ್ಕು ತಿಂದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ಬೆಲ್ಟು ಬದಲಾಯಿಸದಿದ್ದರೆ ಎಂಜಿನ್ನೇ ಹೋಗುತ್ತದೆ ಎಂದಾಗ ಅದೂ ಆಯಿತು. ಆ ವರ್ಷದ ಪ್ರವಾಸ ಹೋಯಿತು, ಅಡುಗೆಮನೆಗೆ ಹಾಕಿಸಬೇಕಿದ್ದ ಕಪಾಟು ಹೋಯಿತು.

"ಬೇಲಿ ಮೇಲಿನ ಓತಿಕ್ಯಾತನ್ನ ಕಿವಿಗೆ ಬಿಟ್ಕೊಂಡ್ರಿ," ಎಂದಳು ಹೆಂಡತಿ.

ಪ್ರತಿ ರಿಪೇರಿಗೂ ಮೇಸ್ತ್ರಿ ಓಡಿ ಬರುತ್ತಿದ್ದ. ಕಾರು ಬೀದಿ ದಾಟುವುದಿದ್ದರೆ ಪಕ್ಕದ ಸೀಟಿನಲ್ಲಿ ಅವನು ಇರಲೇಬೇಕು. "ನಾನೂ ಬರ್ತೀನಿ, ಶಬ್ದ ಕೇಳ್ಬೇಕು," ಎನ್ನುತ್ತಿದ್ದ. ಹಿಂದಿರುಗುವಾಗ ಪ್ರತಿ ಸಲವೂ ಒಂದೇ ಮಾತು: "ಆ ಗಾಜೊಂದು ಉಳ್ಕೊಂಡಿದೆಯಲ್ಲ ಸಾರ್. ನಿಮ್ಮಂಥೋರು ಅದನ್ನ ಹೇಗೆ ಸಹಿಸ್ತೀರೋ."

ಇನ್ಸ್‌ಪೆಕ್ಟರಿಗೂ ಅದು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಒಂದು ಭಾನುವಾರ ಊಟವಾದ ಮೇಲೆ ಡಿಕ್ಕಿಯಿಂದ ಮೋಟರು ತೆಗೆದ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಒಂದೇ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಹೆಂಡತಿ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಳು.

"ರೀ, ಅದೊಂದು ಬಿಟ್ಬಿಡಿ. ನೀವು ಹೇಳಿದ್ದು ಕೇಳಿದ್ರೆ ಆ ಮೇಸ್ತ್ರಿ ಹೆಂಡ್ತಿ ಸುಮ್‌ಸುಮ್ನೆ ಹೇಳಿದ ಹಾಗಿಲ್ಲ."

"ಟಾರ್ಚು ಸರಿಯಾಗಿ ಹಿಡಿ."

ಬಾಗಿಲ ಒಳಹಲಗೆ ಬಿಚ್ಚಿದಾಗ ಸುಟ್ಟ ಕೂದಲಿನ ವಾಸನೆ ಬಂತು. ಒಳಗೆ, ತಗಡಿನ ಸಂದಿನಲ್ಲಿ, ಕರಿದಾರ ಸುತ್ತಿದ ಒಂದು ತಾಮ್ರದ ತುಂಡಿತ್ತು. ದಾರದೊಳಗೆ ಉದ್ದನೆಯ ಕೂದಲು. ಬಾಗಿಲು ಗಡಗಡ ಅನ್ನದಿರಲಿ ಎಂದು ಯಾರೋ ತುರುಕಿದ್ದಾರೆ ಎಂದುಕೊಂಡು ಅದನ್ನು ಅಲ್ಲೇ ಬಿಟ್ಟ. ಮೋಟರು ಕೂರಿಸಿ, ಒಳಗೆ ಕೂತು, ಬಾಗಿಲು ಎಳೆದು, ಸ್ವಿಚ್ಚು ಒತ್ತಿದ.

ಗಾಜು ಎಣ್ಣೆ ಹಾಕಿದಂತೆ ಏರಿತು. ರಬ್ಬರಿಗೆ ತಾಗಿ ಚಪ್ ಎಂದಿತು.

ಟ್ಯೂಬ್‌ಲೈಟಿನ ಗುಂಯ್ ನಿಂತಿತು. ಲೈಟು ಉರಿಯುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಹೆಂಡತಿಯ ತುಟಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ನಗುತ್ತಲೇ ಹಿಡಿಗೆ ಕೈ ಹಾಕಿದ. ಹಿಡಿ ಸಡಿಲವಾಗಿ ಆಡಿತು. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ನೂಕಿದ. ಹಾರ್ನ್ ಒತ್ತಿದ. ಸದ್ದಿಲ್ಲ. ಸ್ಪ್ಯಾನರ್ ತೆಗೆದು ಗಾಜಿಗೆ ಹೊಡೆದ. ಗೋಣಿಚೀಲಕ್ಕೆ ಹೊಡೆದಂತೆ ಆಯಿತು.

ಸುಟ್ಟ ಕೂದಲಿನ ವಾಸನೆ ದಟ್ಟವಾಯಿತು.

ಪಕ್ಕದ ಸೀಟು ನಿಧಾನವಾಗಿ ಕುಸಿಯಿತು. ಯಾರೋ ಕೂತ ಹಾಗೆ. ಬಳೆ ಸರಿದ ಸಣ್ಣ ಸದ್ದು. ಅವನ ಎದೆಯ ಮೇಲೆ ಸೀಟ್‌ಬೆಲ್ಟು ತಾನಾಗಿ ಬಂದು ಕೂತಿತು. ಬಿಗಿಯಿತು. ಇನ್ನೂ ಬಿಗಿಯಿತು. ಕಿವಿಯ ಹತ್ತಿರ ಒಂದು ಹೆಣ್ಣು ದನಿ, ಪ್ರೀತಿ ತುಂಬಿದ ದನಿ:

"ಇನ್ನೆಲ್ಲಿಗೆ ಹೋಗ್ತೀರಿ?"

ಉಸಿರು ಒಳಗೆ ಬರಲಿಲ್ಲ. ಕಣ್ಣು ಕತ್ತಲಿಟ್ಟಿತು. ಕೈ ಸ್ವಿಚ್ಚು ಹುಡುಕಿತು. ಸಿಕ್ಕಿತು. ಒತ್ತಿದ. ಗಾಜು ನಡುಗಿತು. ಒಂದಿಷ್ಟು ಇಳಿಯಿತು. ಬೆರಳಗಲ. ಮತ್ತೆ ಏರತೊಡಗಿತು. ಹೊರಗೆ ಹೆಂಡತಿಯ ಮುಖ. ಅವಳು ಅತ್ತಿತ್ತ ನೋಡಿದಳು. ಸಂದಿಗೆ ಇಡಲು ಏನೂ ಇರಲಿಲ್ಲ. ಟಾರ್ಚು ದಪ್ಪ. ಸಂದು ಸಣ್ಣದಾಗುತ್ತಿತ್ತು. ಅವಳು ತೋರುಬೆರಳು ತೂರಿಸಿದಳು.

ಗಾಜು ನಿಲ್ಲಲಿಲ್ಲ. ಎಲುಬು ಮುರಿದದ್ದು ಅವನಿಗೆ ಕೇಳಿಸಿತು. ಆಗಲೇ ನಿಂತಿತು.

ಬಾಗಿಲು ತೆರೆಯಿತು. ಗುಂಯ್ ಎನ್ನುವ ಸದ್ದು ಮರಳಿತು, ಅದರ ಜೊತೆಗೆ ಅವಳ ಚೀರಾಟವೂ. ಅವನು ನೆಲದ ಮೇಲೆ ಬಿದ್ದು ಗಾಳಿ ನುಂಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪು ಅವನದು, ಬೆರಳು ಅವಳದು.

ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂತ. ಬೀದಿಯ ತಿರುವು ದಾಟಿದ್ದೇ ತಡ, ಎದೆಗೆ ಮತ್ತೆ ಅದೇ ಬೆಲ್ಟು ಬಿಗಿಯಿತು. ಅಲ್ಲಿ ಯಾವ ಬೆಲ್ಟೂ ಇರಲಿಲ್ಲ. ಬಾಗಿಲು ಬಡಿದು ನಿಲ್ಲಿಸಿ ಕೆಳಗಿಳಿದ. ಕಾರಿನ ಕಡೆ ಒಂದೊಂದು ಹೆಜ್ಜೆ ಇಟ್ಟಂತೆ ಉಸಿರು ಸಲೀಸಾಯಿತು. ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು.

ಎದುರಿನ ಕೋಣೆ ಖಾಲಿಯಾಗಿತ್ತು. ಫೋನು ಮಾಡಿದರೆ ಮೇಸ್ತ್ರಿಯ ಹೆಂಡತಿ ಎತ್ತಿದಳು.

"ಅವರು ಬಸ್ಸು ಹತ್ತಿದ್ರು," ಎಂದಳು. "ಹನ್ನೆರಡು ವರ್ಷ ಆದ್ಮೇಲೆ. ಯಾರು ಆ ಗಾಜು ಮುಚ್ತಾರೋ ಅವರಿಗೇ ಆ ಕಟ್ಟು ಅಂಟ್ಕೊಳುತ್ತೆ. ಇನ್ನೊಬ್ಬ ಮುಚ್ಚೋವರೆಗೂ ಬಿಡಲ್ಲ."

"ಗುಜರಿಗೆ ಹಾಕಿದ್ರೆ?"

"ಗುಜರೀಲಿ ಗಾಡೀನ ಒತ್ತಿ ಮುದ್ದೆ ಮಾಡ್ತಾರೆ ಸಾರ್. ಒಂದು ಸಂದೂ ಉಳಿಯಲ್ಲ." ಆಮೇಲೆ ಕೇಳಿದಳು: "ನಿಮ್ಮ ಮನೆಯವರ ಕೈ ಹೇಗಿದೆ?"

ಅವನು ಫೋನು ಕೆಳಗಿಟ್ಟ.

ಕೆಲಸ ಹೋಯಿತು. ಊರಿನ ಲಿಫ್ಟುಗಳು ಇರಲಿ, ತನ್ನದೇ ಕಟ್ಟಡದ ಲಿಫ್ಟಿನಲ್ಲಿ ನಾಲ್ಕನೇ ಮಹಡಿ ದಾಟಿದರೆ ಉಸಿರು ಕಟ್ಟುತ್ತಿತ್ತು, ಮನೆಯೋ ಆರನೆಯದರಲ್ಲಿ. ಹೆಂಡತಿ ಡಬ್ಬಿಯಲ್ಲಿ ಊಟ ತಂದುಕೊಟ್ಟು ಹೋಗುತ್ತಿದ್ದಳು. ಅವನು ಕಾರಿನ ಪಕ್ಕ ಚಾಪೆ ಹಾಸಿಕೊಂಡು ಆಯಿಲ್ ವಾಸನೆಯಲ್ಲಿ ಮಲಗುತ್ತಿದ್ದ. ಬೆರಳು ಉಳಿಯಲಿಲ್ಲ, ಆಸ್ಪತ್ರೆಯವರು ಅವಳನ್ನು ದಾಖಲೆ ಕೋಣೆಗೆ ಹಾಕಿದ್ದರು. ಅವಳು ದೂರಲಿಲ್ಲ. ಅವನಿಗೆ ಅದನ್ನೇ ಸಹಿಸಲು ಆಗುತ್ತಿರಲಿಲ್ಲ.

ಎಂಟು ತಿಂಗಳ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಹೆಂಡತಿಯನ್ನು ಕರೆದುಕೊಂಡು ಕಾರು ನೋಡಲು ಬಂದ. ಎರಡು ಸುತ್ತು ಹಾಕಿ, ಬಾನೆಟ್ ಸವರಿ, ಕೊಳ್ಳುವುದೆಂದು ಆಗಲೇ ತೀರ್ಮಾನಿಸಿದ್ದ.

"ಡ್ರೈವರ್ ಕಡೆ ಗಾಜು ಮಾತ್ರ ಮುಚ್ಬೇಡಿ ಡಾಕ್ಟ್ರೇ," ಎಂದು ನರ್ಸು ಕೀಲಿ ಚಾಚಿ, ಎಲ್ಲವನ್ನೂ ಬಿಡಿಸಿ ಹೇಳಿದಳು.

ಡಾಕ್ಟರು ನಕ್ಕ. "ಅಮ್ಮಾ, ಹುಳುಕು ಬಿಟ್ರೆ ಅದು ಹುಳುಕಾಗೇ ಉಳಿಯುತ್ತೆ."

ನರ್ಸು ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ್ದ. ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ಡಾಕ್ಟರ ಹತ್ತಿರ ಸರಿದು, "ಡಿಕ್ಕೀಲಿ ಹೊಸ ಮೋಟರು ಇಟ್ಟಿದೀನಿ. ಅದಕ್ಕೆ ದುಡ್ಡು ಬೇಡ," ಎಂದು ಪಿಸುಗುಟ್ಟಿದ.

ಡಾಕ್ಟರ ಹೆಂಡತಿ ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತು, ಆ ಸಂದಿನಲ್ಲಿ ಬೆರಳಾಡಿಸುತ್ತಿದ್ದಳು. ಇನ್ಸ್‌ಪೆಕ್ಟರು ನೋಡಿದ. ಆಮೇಲೆ ಮುಖ ತಿರುಗಿಸಿ ಪಕ್ಕದ ಸೀಟಿನಲ್ಲಿ ಹೋಗಿ ಕೂತ.

"ಟ್ರಯಲ್‌ಗೆ ನಾನೂ ಬರ್ತೀನಿ," ಎಂದ. "ಶಬ್ದ ಕೇಳ್ಬೇಕು."